ಫ್ಲಾರೆನ್ಸಿನ ಒಂದು ಮನೆ

ಇಟಲಿಯ ಕಲೆಯನ್ನು ಕುರಿತ ಹಳೆಯ ಪುಸ್ತಕ ಯಾವುದನ್ನೇ ತೆರೆಯಿರಿ. ಅದರ ಕಪ್ಪುಬಿಳುಪು ಚಿತ್ರಗಳ ಅಡಿಯಲ್ಲಿ, ಇರುವೆಸಾಲಿನಂಥ ಸಣ್ಣ ಅಕ್ಷರಗಳಲ್ಲಿ, ಒಂದು ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಅಲಿನಾರಿ. ಕನ್ನಡ ಎಂ.ಎ. ತರಗತಿಯಲ್ಲಿದ್ದಾಗ, ಕಾವ್ಯಮೀಮಾಂಸೆಯ ಓದಿನಿಂದ ದಣಿದ ಸಂಜೆಗಳಲ್ಲಿ, ನಾನು ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಅಂಥ ಪುಸ್ತಕಗಳನ್ನು ತಿರುವಿಹಾಕುತ್ತಿದ್ದೆ. ಫ್ಲಾರೆನ್ಸ್ ನಗರವನ್ನು ನಾನು ಇಂದಿಗೂ ಕಣ್ಣಾರೆ ಕಂಡವನಲ್ಲ. ಆದರೂ ಅಲ್ಲಿಯ ಗುಮ್ಮಟ, ಸೇತುವೆ, ಶಿಲ್ಪ, ಭಿತ್ತಿಚಿತ್ರಗಳು ನನಗೆ ನೆರೆಮನೆಯಷ್ಟೇ ಪರಿಚಿತ. ನನ್ನಂಥ ಅಸಂಖ್ಯಾತ ಓದುಗರಿಗೆ ಇಟಲಿಯನ್ನು ತೋರಿಸಿದ ಕಣ್ಣು ಅಲಿನಾರಿ ಸಹೋದರರದು. ಆ ಸಹೋದರರ ಹೆಸರಿನ ಛಾಯಾಚಿತ್ರ ಇತಿಹಾಸದ ವಸ್ತುಸಂಗ್ರಹಾಲಯವು 1985ರಲ್ಲಿ ಅದೇ ನಗರದ ಒಂದು ಪುರಾತನ ಮನೆಯಲ್ಲಿ ಬಾಗಿಲು ತೆರೆಯಿತು. ಆ ಮನೆಯ ಹೆಸರು ಪಲಾಟ್ಸೋ ರುಚೆಲ್ಲಾಯಿ. ಹದಿನೈದನೆಯ ಶತಮಾನದ ಮನೆಗೂ ಹತ್ತೊಂಬತ್ತನೆಯ ಶತಮಾನದ ಯಂತ್ರಕಲೆಗೂ ಏನು ನಂಟು? ಮೇಲುನೋಟಕ್ಕೆ ಇದು ಕೇವಲ ಸ್ಥಳಾನುಕೂಲದ ಮಾತು. ಆದರೆ ಒಳಹೊಕ್ಕು ನೋಡಿದರೆ, ಛಾಯಾಚಿತ್ರವು ಆ ಮನೆಗೆ ಬಂದದ್ದು ಅತಿಥಿಯಾಗಿ ಅಲ್ಲ, ತವರಿಗೆ ಬಂದ ಮಗಳಾಗಿ ಎಂದು ನನಗೆ ತೋರುತ್ತದೆ.

ಮೊದಲು ಮನೆತನದ ಮಾತು. ರುಚೆಲ್ಲಾಯಿಗಳು ರಾಜರಲ್ಲ, ಪಾಳೆಯಗಾರರಲ್ಲ. ಬಣ್ಣದಿಂದ ಬದುಕು ಕಟ್ಟಿಕೊಂಡ ಉಣ್ಣೆಬಟ್ಟೆಯ ವರ್ತಕರು. ಕಡಲಂಚಿನ ಬಂಡೆಗಳ ಮೇಲೆ ಬೆಳೆಯುವ ಒಂದು ಜಾತಿಯ ಕಲ್ಲುಹೂವನ್ನು ಮೂತ್ರದಲ್ಲಿ ನೆನೆಹಾಕಿ ಕೊಳೆಸಿದರೆ ನೇರಳೆಗೆಂಪಿನ ಚೆಲುವಾದ ಬಣ್ಣ ಬಿಡುತ್ತದೆ. ನಮ್ಮ ಅಡಿಗೆಮನೆಯ ಸಾಂಬಾರಪೆಟ್ಟಿಗೆಯಲ್ಲಿರುವ ಕಲ್ಲುಹೂವಿನ ದೂರದ ಬಂಧು ಅದು. ಶಾಲೆಯ ಪ್ರಯೋಗಶಾಲೆಯಲ್ಲಿ ಮಕ್ಕಳು ಬಳಸುವ ಲಿಟ್ಮಸ್ ಕಾಗದದ ಬಣ್ಣವೂ ಇದೇ ಕುಲದ್ದು. ಮನೆತನದ ಹಿರಿಯನೊಬ್ಬ ಪೂರ್ವದೇಶಗಳಿಂದ ಈ ಗುಟ್ಟನ್ನು ತಂದನೆಂದು ಐತಿಹ್ಯವಿದೆ. ಆ ಬಣ್ಣಕ್ಕೆ ಇಟಾಲಿಯನ್ ಭಾಷೆಯಲ್ಲಿ ಒರಿಚೆಲ್ಲೋ ಎಂದು ಹೆಸರು. ಅದರಿಂದಲೇ ಒರಿಚೆಲ್ಲಾರಿ, ಮುಂದೆ ಸವೆದು ರುಚೆಲ್ಲಾಯಿ. ಕಸುಬು ಹೀಗೆ ಮನೆತನದ ಹೆಸರಾಯಿತು.

ಈ ವಂಶದ ಜೋವಾನ್ನಿ ರುಚೆಲ್ಲಾಯಿ (1403-1481) ನಮ್ಮ ಕಥೆಯ ನಾಯಕ. ಅವನು ಕೈಹಿಡಿದದ್ದು ನಗರದ ಅತ್ಯಂತ ಶ್ರೀಮಂತರಲ್ಲೊಬ್ಬನಾದ ಪಲ್ಲಾ ಸ್ಟ್ರೋಟ್ಸಿಯ ಮಗಳನ್ನು. 1434ರಲ್ಲಿ ಕೋಸಿಮೋ ಮೆಡಿಚಿ ಗಡಿಪಾರಿನಿಂದ ಮರಳಿ ಬಂದು ನಗರದ ಸೂತ್ರ ಹಿಡಿದಾಗ, ಪಲ್ಲಾ ದೇಶಭ್ರಷ್ಟನಾದ. ಮಾವನ ಕರಿನೆರಳು ಅಳಿಯನ ಮೇಲೂ ಬಿತ್ತು. ಜೋವಾನ್ನಿಯ ವ್ಯಾಪಾರಕ್ಕೆ ಯಾರೂ ಅಡ್ಡಿಪಡಿಸಲಿಲ್ಲ. ಆದರೆ ಕಾಲುಶತಮಾನಕ್ಕೂ ಹೆಚ್ಚು ಕಾಲ ಅಧಿಕಾರದ ಹುದ್ದೆಗಳಿಂದ ಅವನನ್ನು ದೂರವಿಟ್ಟರು. ಹಣವುಂಟು, ಮನ್ನಣೆಯಿಲ್ಲ; ಮನೆತನವುಂಟು, ಸಭೆಯಲ್ಲಿ ಆಸನವಿಲ್ಲ. ಇಂಥ ಸ್ಥಿತಿಯಲ್ಲಿ ಒಬ್ಬ ಮನುಷ್ಯ ಏನು ಮಾಡಬಹುದು? ಜೋವಾನ್ನಿ ಕಟ್ಟಿಸತೊಡಗಿದ. ಅವನು ಮಕ್ಕಳಿಗಾಗಿ ಬರೆದಿಟ್ಟ ಟಿಪ್ಪಣಿಪುಸ್ತಕವೊಂದು ಉಳಿದುಬಂದಿದೆ. ಗಳಿಸಿದ್ದಕ್ಕಿಂತ ಚೆನ್ನಾಗಿ ವೆಚ್ಚಮಾಡಿದ್ದೇ ತನಗೆ ಹೆಚ್ಚು ಕೀರ್ತಿ ತಂದಿತೆಂಬ ಭಾವ ಅದರಲ್ಲಿದೆ. ಸಭೆಯಲ್ಲಿ ಆಡಲಾರದ ಮಾತನ್ನು ಅವನು ಕಲ್ಲಿನಲ್ಲಿ ಆಡಿಸಿದ.

ದ್ರಾಕ್ಷಿತೋಟದ ಹೆಸರು ಹೊತ್ತ ಒಂದು ಇಕ್ಕಟ್ಟಾದ ಬೀದಿಯಲ್ಲಿ ಅವನ ಪೂರ್ವಜರ ಮನೆಗಳಿದ್ದವು. ಅಕ್ಕಪಕ್ಕದ ಮನೆಗಳನ್ನು ಒಂದೊಂದಾಗಿ ಕೊಂಡು, ಎಂಟು ಮನೆಗಳನ್ನು ಸೇರಿಸಿ ಒಂದು ಮಾಡಿದನೆಂದು ಅವನೇ ಹೇಳಿಕೊಂಡಿದ್ದಾನೆ. ಒಳಗೆ ಗೋಡೆಗಳು ಓರೆ, ಕೋಣೆಗಳು ಬೇರೆ ಬೇರೆ ಅಳತೆಯವು. ಈ ಗೊಂದಲದ ಮೇಲೆ ಒಂದು ಸುಂದರವಾದ ಕಲ್ಲಿನ ಮುಖವನ್ನು ಹೊದಿಸಬೇಕಾಗಿತ್ತು. ಹದಿನೈದನೆಯ ಶತಮಾನದ ನಡುಭಾಗದಲ್ಲಿ ಅದು ಮೇಲೆದ್ದಿತು. ಕೆಲಸ ನಡೆಸಿದವನು ಶಿಲ್ಪಿ ಬೆರ್ನಾರ್ಡೋ ರೊಸ್ಸೆಲ್ಲಿನೋ; ಕಲ್ಪನೆ ಮಾತ್ರ ಲಿಯೋನ್ ಬಟ್ಟಿಸ್ಟಾ ಆಲ್ಬರ್ಟಿಯದೆಂದು ಕಲಾವಿದರ ಚರಿತ್ರಕಾರ ವಸಾರಿಯ ಕಾಲದಿಂದಲೂ ನಂಬಿಕೆ.

ಆ ಮುಖಭಿತ್ತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದೇ ಕಾಲದಲ್ಲಿ ಮೆಡಿಚಿಗಳು ಕಟ್ಟಿಸುತ್ತಿದ್ದ ಅರಮನೆಯ ಕೆಳಭಾಗದಲ್ಲಿ ಒರಟು ಬಂಡೆಗಳು ಕೋಟೆಯಂತೆ ಮುಂಚಾಚಿ ನಿಂತಿವೆ. ಹತ್ತಿರ ಹೋದವನಿಗೆ ಅಳುಕಾಗಬೇಕು. ರುಚೆಲ್ಲಾಯಿ ಮನೆಯಲ್ಲಿ ಅಂಥ ಗರ್ಜನೆಯಿಲ್ಲ. ಮೂರು ಅಂತಸ್ತು, ಪ್ರತಿಯೊಂದರಲ್ಲೂ ಗೋಡೆಯಿಂದ ಬೆರಳಷ್ಟೇ ಮುಂದೆ ಬಂದ ಚಪ್ಪಟೆಯಾದ ಗೋಡೆಗಂಬಗಳ ಸಾಲು, ಅವುಗಳ ನಡುವೆ ಕಮಾನಿನ ಕಿಟಕಿಗಳು. ಪ್ರಾಚೀನ ರೋಮಿನ ಕೊಲೋಸಿಯಂ ಬಯಲುಮಂದಿರದಲ್ಲಿ ಅಂತಸ್ತಿಗೊಂದು ಬಗೆಯ ಕಂಬ ಇರುವಂತೆ ಇಲ್ಲಿಯೂ ಕೆಳಗೆ ಸರಳವಾದ ಬೋದಿಗೆ, ಮೇಲಕ್ಕೆ ಹೋದಂತೆ ಎಲೆಗೆತ್ತನೆಯ ಬೋದಿಗೆ. ಅಂತಸ್ತುಗಳ ನಡುವಿನ ಪಟ್ಟಿಕೆಯಲ್ಲಿ ಗಾಳಿ ತುಂಬಿದ ಹಾಯಿಗಳು: ವರ್ತಕನ ಭಾಗ್ಯದೇವತೆಯ ಲಾಂಛನ. ಮೆಡಿಚಿಗಳ ವಜ್ರದುಂಗುರವೂ ಅಲ್ಲಿದೆ. 1466ರಲ್ಲಿ ಜೋವಾನ್ನಿಯ ಮಗ ಬೆರ್ನಾರ್ಡೋ ಮೆಡಿಚಿ ಮನೆತನದ ನನ್ನೀನಾಳನ್ನು ಮದುವೆಯಾದ. ಮನೆಯ ಮುಂದಿನ ಮೂರು ಮೂಲೆಯ ಚೌಕದಲ್ಲಿ ವೇದಿಕೆ ಕಟ್ಟಿಸಿ ನೂರಾರು ಜನರಿಗೆ ಔತಣವಿತ್ತರು. ಹಳೆಯ ವೈರ ನಂಟಸ್ತಿಕೆಯಲ್ಲಿ ಮುಗಿಯಿತು. ಗೋಡೆಯ ಬುಡದುದ್ದಕ್ಕೂ ಒಂದು ಕಲ್ಲುಜಗಲಿಯಿದೆ. ನಮ್ಮ ಊರುಗಳ ಜಗಲಿಯಂತೆ ಅದು ದಾರಿಹೋಕನಿಗೂ ಸಲ್ಲುವ ಆಸನ.

ಆದರೆ ಈ ಭಿತ್ತಿಯ ನಿಜವಾದ ಸೋಜಿಗ ಬೇರೆಯೇ ಇದೆ. ದೂರದಿಂದ ನೋಡಿದರೆ, ಅಳತೆಯೊಪ್ಪಿದ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಗೋಡೆ ಎನಿಸುತ್ತದೆ. ಹತ್ತಿರ ಹೋಗಿ ಪರೀಕ್ಷಿಸಿದವರು ಹೇಳುವುದೇನೆಂದರೆ, ಕಣ್ಣಿಗೆ ಕಾಣುವ ಸಂದುಗಳಲ್ಲಿ ಎಷ್ಟೋ ನಿಜವಾದ ಸಂದುಗಳಲ್ಲ. ಕಲ್ಲಿನ ಚಪ್ಪಡಿಗಳ ಮೇಲೆ ಉಳಿಯಿಂದ ಗೆರೆ ಕೊರೆದು ಸಂದುಗಳಂತೆ ತೋರಿಸಲಾಗಿದೆ. ನಿಜವಾದ ಚಪ್ಪಡಿಗಳ ಅಂಚು ಬೇರೆಡೆ ಹಾದುಹೋಗುತ್ತದೆ. ಗಂಬಗಳು ಭಾರ ಹೊರುವುದಿಲ್ಲ, ಹೊರುವಂತೆ ತೋರುತ್ತವೆ. ಅಂದರೆ ಇದು ಗೋಡೆಯೂ ಹೌದು, ಗೋಡೆಯ ಚಿತ್ರವೂ ಹೌದು. ಓರೆಕೋರೆಯಾದ ಎಂಟು ಮನೆಗಳ ಮುಂದೆ ಹಿಡಿದ, ಕಲ್ಲಿನಲ್ಲಿ ಬರೆದ ತೆಳುವಾದ ಒಂದು ಚಿತ್ರಪಟ.

ಇದನ್ನು ಮೋಸವೆಂದು ತಳ್ಳಿಹಾಕುವ ಮೊದಲು ಆಲ್ಬರ್ಟಿಯ ಮನೋಧರ್ಮವನ್ನು ತಿಳಿಯಬೇಕು. ಅವನು ದೇಶಭ್ರಷ್ಟ ಕುಟುಂಬದಲ್ಲಿ 1404ರಲ್ಲಿ ಜಿನೋವಾದಲ್ಲಿ ಹುಟ್ಟಿದವನು. 1472ರಲ್ಲಿ ರೋಮಿನಲ್ಲಿ ತೀರಿಕೊಂಡವನು. ಲ್ಯಾಟಿನ್ ಪಾಂಡಿತ್ಯದಲ್ಲಿ ಅಗ್ರಗಣ್ಯ. ಹಾಗಿದ್ದೂ ಜನರ ಬಾಯಿಮಾತಾದ ಟಸ್ಕನ್ ನುಡಿಗೆ ಮೊದಲ ವ್ಯಾಕರಣ ಬರೆದವನು ಅವನೇ. 1441ರಲ್ಲಿ ಫ್ಲಾರೆನ್ಸಿನ ದೊಡ್ಡ ಇಗರ್ಜಿಯಲ್ಲಿ ಒಂದು ಕವಿಗೋಷ್ಠಿ ನಡೆಯಿತು. ಲ್ಯಾಟಿನ್ನಿನಲ್ಲಲ್ಲದೆ ದೇಶಭಾಷೆಯಲ್ಲೂ ಗಂಭೀರ ವಿಷಯವನ್ನು ಹಾಡಬಹುದೆಂದು ತೋರಿಸುವ ಸ್ಪರ್ಧೆ ಅದು, ವಸ್ತು ಸ್ನೇಹ, ಬಹುಮಾನ ಬೆಳ್ಳಿಯ ಪತ್ರಕಿರೀಟ. ಇದರ ಹಿಂದಿದ್ದವನೂ ಆಲ್ಬರ್ಟಿಯೇ. ತೀರ್ಪುಗಾರರಾದ ಪಂಡಿತರು ಯಾರಿಗೂ ಕಿರೀಟ ಕೊಡದೆ ಅದನ್ನು ಇಗರ್ಜಿಗೇ ಒಪ್ಪಿಸಿದರು! ಮಾರ್ಗ-ದೇಶಿಗಳ ಚರ್ಚೆಯನ್ನು ಪಾಠಹೇಳುತ್ತ ಮುಪ್ಪಾದ ನನ್ನಂಥವನಿಗೆ ಈ ಸಂಗತಿ ಬಹಳ ಹತ್ತಿರದ್ದೆನಿಸುತ್ತದೆ. ರುಚೆಲ್ಲಾಯಿ ಮನೆಯ ಮುಖದಲ್ಲಿ ಆಲ್ಬರ್ಟಿ ಮಾಡಿದ್ದೂ ಇದನ್ನೇ ಅಲ್ಲವೇ? ವರ್ತಕನೊಬ್ಬನ ದೇಶಿ ಮನೆಗೆ ರೋಮಿನ ಮಾರ್ಗದ ವ್ಯಾಕರಣವನ್ನು ತೊಡಿಸಿದ. ದೇವಾಲಯಕ್ಕೂ ಸಾಮ್ರಾಟನಿಗೂ ಮೀಸಲಾಗಿದ್ದ ಕಂಬಗಳ ಕ್ರಮವನ್ನು ಬೀದಿಯ ಮನೆಗೆ ಇಳಿಸಿದ. ಇದರಲ್ಲಿ ಮೋಸವಿಲ್ಲ, ವಾಕ್ಯಕ್ಕೆ ಛಂದಸ್ಸು ಕೂಡಿಸಿದಂಥ ಸಂಸ್ಕಾರವಿದೆ.

ಇನ್ನು ಅವನ ಇನ್ನೊಂದು ಗ್ರಂಥ. 1435ರಲ್ಲಿ ಆಲ್ಬರ್ಟಿ ಚಿತ್ರಕಲೆಯನ್ನು ಕುರಿತು ಒಂದು ಪುಸ್ತಕ ಬರೆದ. ಲ್ಯಾಟಿನ್ನಿನಲ್ಲಿಯೂ ಟಸ್ಕನ್‌ನಲ್ಲಿಯೂ ಬರೆದ. ಕಣ್ಣಿನಿಂದ ವಸ್ತುವಿಗೆ ಗೆರೆಗಳು ಹರಡುತ್ತವೆ. ಆ ಗೆರೆಗಳ ಗೋಪುರವನ್ನು ಒಂದು ಸಮತಲ ಅಡ್ಡಲಾಗಿ ಕತ್ತರಿಸಿದರೆ ಅಲ್ಲಿ ಮೂಡುವುದೇ ಚಿತ್ರ. ಚಿತ್ರವೆಂದರೆ ತೆರೆದ ಕಿಟಕಿಯಿದ್ದಂತೆ. ದೂರಕ್ಕೆ ಸಾಗುವ ಸಮಾನಾಂತರ ರೇಖೆಗಳೆಲ್ಲ ಒಂದು ಬಿಂದುವಿನಲ್ಲಿ ಕೂಡುತ್ತವೆ. ಪರ್ಸ್‌ಪೆಕ್ಟಿವ್ ಎಂದು ನಾವು ಕರೆಯುವ ಈ ರೇಖಾಗಣಿತವನ್ನು ಅವನ ಹಿರಿಯ ಸಮಕಾಲೀನನಾದ ಬ್ರುನೆಲ್ಲೆಸ್ಕಿ ಪ್ರಯೋಗದಿಂದ ತೋರಿಸಿದ್ದ. ತಾನು ಬರೆದ ಚಿತ್ರದಲ್ಲಿ ಸಣ್ಣ ರಂಧ್ರ ಕೊರೆದು, ಎದುರಿಗೆ ಕನ್ನಡಿ ಹಿಡಿದು, ಹಿಂದಿನಿಂದ ಒಂದೇ ಕಣ್ಣಿಟ್ಟು ನೋಡುವಂತೆ ಮಾಡಿದ್ದ. ಅದನ್ನು ಶಾಸ್ತ್ರವಾಗಿ ಬರೆದಿಟ್ಟವನು ಆಲ್ಬರ್ಟಿ. ಚೌಕಚೌಕವಾಗಿ ದಾರಗಳನ್ನು ಬಿಗಿದ ತೆಳುಪರದೆಯೊಂದರ ಮೂಲಕ ನೋಡಿ ಚಿತ್ರಿಸುವ ಉಪಾಯವನ್ನೂ ಅವನು ಹೇಳಿದ. ಪುಟ್ಟ ರಂಧ್ರದಿಂದ ಇಣುಕಿದರೆ ಬೆಟ್ಟ, ಕಡಲು, ನಕ್ಷತ್ರಗಳ ಆಕಾಶ ನಿಜವಾಗಿಯೇ ಇರುವಂತೆ ಕಾಣುವ ಪೆಟ್ಟಿಗೆಯೊಂದನ್ನು ಅವನು ಮಾಡಿ ಗೆಳೆಯರನ್ನು ಬೆರಗುಗೊಳಿಸಿದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಒಂದು ಪೆಟ್ಟಿಗೆ, ಒಂದು ರಂಧ್ರ, ಒಂದು ಕಣ್ಣು, ಒಂದು ಸಮತಲ: ಕ್ಯಾಮೆರಾಕ್ಕೆ ಬೇಕಾದ ಕಲ್ಪನೆಯೆಲ್ಲ ಇಲ್ಲಿ ಬಂದುಹೋಯಿತು. ಬೆಳಕು ತಾನೇ ಬರೆದದ್ದನ್ನು ಅಳಿಸದಂತೆ ಹಿಡಿದಿಡುವ ರಸಾಯನವೊಂದು ಮಾತ್ರ ಉಳಿದಿತ್ತು. ಅದಕ್ಕೆ ಇನ್ನೂ ನಾನ್ನೂರು ವರ್ಷ ಕಾಯಬೇಕಾಯಿತು.

1839ರಲ್ಲಿ ಪ್ಯಾರಿಸಿನಲ್ಲಿ ಡಾಗೇರನ ವಿಧಾನ ಪ್ರಕಟವಾಯಿತು. ಹದಿಮೂರು ವರ್ಷಗಳ ನಂತರ, 1852ರಲ್ಲಿ, ಲಿಯೋಪೋಲ್ಡೋ ಅಲಿನಾರಿ ಎಂಬ ಇಪ್ಪತ್ತು ವರ್ಷದ ತರುಣ ಫ್ಲಾರೆನ್ಸಿನಲ್ಲಿ ಛಾಯಾಚಿತ್ರದ ಕೆಲಸಕ್ಕೆ ಕೈಹಾಕಿದ. ಅಚ್ಚಿನ ಚಿತ್ರಗಳನ್ನು ಮಾರುವ ಅಂಗಡಿಯಲ್ಲಿ ಕೆಲಸ ಕಲಿತವನು ಅವನು. ಎರಡು ವರ್ಷಗಳಲ್ಲಿ ಸಹೋದರರಾದ ಜುಸೆಪ್ಪೆ ಮತ್ತು ರೊಮುವಾಲ್ಡೋ ಜೊತೆಗೂಡಿದರು. ಆ ಕಾಲದ ಕೆಲಸ ಇಂದಿನಂತೆ ಗುಂಡಿ ಒತ್ತುವ ಆಟವಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾದಲ್ಲಿಟ್ಟು ಬೆಳಕಿಗೊಡ್ಡಿ, ಆರುವ ಮುನ್ನ ಕತ್ತಲಕೋಣೆಗೆ ಒಯ್ದು ತೊಳೆಯಬೇಕು. ಬೀದಿಗೆ ಹೋದರೆ ಕತ್ತಲಕೋಣೆಯೂ ಡೇರೆಯ ರೂಪದಲ್ಲಿ ಜೊತೆಗೆ ಹೋಗಬೇಕು. ಇಷ್ಟೆಲ್ಲ ಪಾಡುಪಟ್ಟು ಈ ಸಹೋದರರು ನಗರದ ಕಟ್ಟಡ, ಶಿಲ್ಪ, ಚಿತ್ರಗಳನ್ನು ಒಂದೊಂದಾಗಿ ಗಾಜಿಗಿಳಿಸಿದರು. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ರಾಜಕುಮಾರನಿಗಾಗಿ ರಾಫೇಲನ ರೇಖಾಚಿತ್ರಗಳನ್ನು ಛಾಯಾಚಿತ್ರಗಳಲ್ಲಿ ಪ್ರತಿಮಾಡಿಕೊಟ್ಟರು. ಲಿಯೋಪೋಲ್ಡೋ 1865ರಲ್ಲಿಯೇ ತೀರಿಕೊಂಡ. ಅವನ ಮಗ ವಿಟ್ಟೋರಿಯೋ 1890ರಲ್ಲಿ ಸಂಸ್ಥೆಯ ಹೊಣೆಹೊತ್ತು, 1920ರವರೆಗೆ ಅದನ್ನು ನಡೆಸಿದ. ಸಾಹಿತ್ಯಪ್ರಿಯನಾದ ಅವನು ಡಾಂಟೆ ಮಹಾಕವಿಯ ಕಾವ್ಯದಲ್ಲಿ ಬರುವ ಊರು, ನದಿ, ಬೆಟ್ಟಗಳನ್ನು ಹುಡುಕಿ ಹೋಗಿ ಛಾಯಾಚಿತ್ರ ತೆಗೆದು ಗ್ರಂಥವಾಗಿ ಹೊರತಂದ.

ಅಲಿನಾರಿಗಳ ಚಿತ್ರಗಳನ್ನು ನೋಡಿದವರಿಗೆ ಅವುಗಳ ಶೈಲಿ ಮರೆಯುವಂಥದಲ್ಲ. ಕಟ್ಟಡದ ನೇರ ಎದುರಿಗೆ, ಸ್ವಲ್ಪ ಎತ್ತರದಲ್ಲಿ, ಕ್ಯಾಮೆರಾ ನಿಲ್ಲುತ್ತದೆ. ಕಂಬಗಳು ಬಾಗುವುದಿಲ್ಲ, ಗೆರೆಗಳು ವಾಲುವುದಿಲ್ಲ. ಬೆಳಕು ಸಮನಾಗಿ ಹರಡಿರುತ್ತದೆ. ಬೀದಿಯಲ್ಲಿ ಜನ ವಿರಳ. ಬೆಳಕಿಗೊಡ್ಡುವ ಕಾಲ ದೀರ್ಘವಾದ್ದರಿಂದ ನಡೆದುಹೋದವರು ಫಲಕದ ಮೇಲೆ ಮೂಡುವುದೇ ಇಲ್ಲ, ಅಥವಾ ಹೊಗೆಯ ಎಳೆಯಂತೆ ಉಳಿಯುತ್ತಾರೆ. ಕಾಲವೇ ಸರಿದುಹೋಗಿ ಆಕಾರ ಮಾತ್ರ ನಿಂತಂತಿರುವ ಈ ನೋಟ ಎಲ್ಲಿಯದು? ಆಲ್ಬರ್ಟಿ ಬರೆದಿಟ್ಟ ಕಿಟಕಿಯದು. ಒಂದೇ ಕಣ್ಣು, ಒಂದೇ ಸಮತಲ, ಕೇಂದ್ರಬಿಂದು. ರುಚೆಲ್ಲಾಯಿ ಮನೆಯ ಮುಖವನ್ನೂ ಅಲಿನಾರಿಗಳು ಛಾಯಾಚಿತ್ರದಲ್ಲಿ ಹಿಡಿದರು. ಆಲ್ಬರ್ಟಿ ರೂಪಿಸಿದ ಗೋಡೆಯನ್ನು ಆಲ್ಬರ್ಟಿ ಹೇಳಿಕೊಟ್ಟ ನೋಟದಿಂದಲೇ ನೋಡಿದಂತಾಯಿತು. ಚಪ್ಪಟೆಯಾದ ಕಲ್ಲಿನಲ್ಲಿ ಆಳವನ್ನು ಕಾಣಿಸಿದ ಭಿತ್ತಿ ಒಂದು ಕಡೆ. ಚಪ್ಪಟೆಯಾದ ಕಾಗದದಲ್ಲಿ ಆಳವನ್ನು ಕಾಣಿಸುವ ಛಾಯಾಚಿತ್ರ ಇನ್ನೊಂದು ಕಡೆ. ತವರು ಎಂದು ನಾನು ಕರೆದದ್ದು ಈ ಅರ್ಥದಲ್ಲಿ.

ಪ್ರತಿಯಲ್ಲಿ ಪ್ರಾಣವಿಲ್ಲ ಎಂಬ ಆಕ್ಷೇಪ ಹಳೆಯದು. ಇ. ಎಂ. ಫಾರ್ಸ್ಟರ್ 1908ರಲ್ಲಿ ಪ್ರಕಟಿಸಿದ, ಫ್ಲಾರೆನ್ಸಿನಲ್ಲಿ ಆರಂಭವಾಗುವ ಕಾದಂಬರಿಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಅದರ ನಾಯಿಕೆ ಲೂಸಿ ಅಲಿನಾರಿಯವರ ಅಂಗಡಿಯಲ್ಲಿ ಬೊಟಿಚೆಲ್ಲಿಯ ವೀನಸ್ ಮುಂತಾದ ಚಿತ್ರಗಳ ಪ್ರತಿಗಳನ್ನು ಕೊಂಡು ಚೌಕಕ್ಕೆ ಬರುತ್ತಾಳೆ. ಅವಳ ಕಣ್ಣೆದುರೇ ಒಬ್ಬನಿಗೆ ಇರಿತವಾಗುತ್ತದೆ. ನೆತ್ತರು ಚಿತ್ರಗಳ ಮೇಲೆ ಬೀಳುತ್ತದೆ. ಜೊತೆಗಿದ್ದ ತರುಣ ಅವನ್ನು ಆರ್ನೋ ನದಿಗೆ ಎಸೆದುಬಿಡುತ್ತಾನೆ. ಪ್ರತಿಕೃತಿಗಳ ನಡುವೆ ಬದುಕುತ್ತಿದ್ದವಳಿಗೆ ಬದುಕೇ ಎದುರಾದ ಕ್ಷಣ ಅದು. ಕಾದಂಬರಿಕಾರನ ಮಾತು ಒಪ್ಪತಕ್ಕದ್ದೇ. ಬದುಕಿಗೆ ಬದಲಾಗಿ ಛಾಯಾಚಿತ್ರ ನಿಲ್ಲಲಾರದು. ಆದರೆ ಬದುಕೇ ಅಳಿದುಹೋದಾಗ?

ಈ ಪ್ರಶ್ನೆಯನ್ನು ಫ್ಲಾರೆನ್ಸ್ ಎರಡು ಬಾರಿ ಎದುರಿಸಿತು. 1865ರಿಂದ 1871ರವರೆಗೆ ಅದು ಇಟಲಿಯ ರಾಜಧಾನಿಯಾಗಿತ್ತು. ಆ ಗೌರವದ ಅಮಲಿನಲ್ಲಿ ಹಳೆಯ ಕೋಟೆಗೋಡೆಗಳು ಉರುಳಿದವು. 1885ರಿಂದ 1895ರವರೆಗಿನ ಹತ್ತು ವರ್ಷಗಳಲ್ಲಿ ನಗರದ ಹೃದಯವೇ ಆದ ಹಳೆಯ ಮಾರುಕಟ್ಟೆಯ ಕೇರಿಯನ್ನು, ಅದರ ಗೋಪುರಗಳು, ಪುಟ್ಟ ಇಗರ್ಜಿಗಳು, ಓಣಿಗಳ ಸಮೇತ ಕೆಡವಿ, ಅಲ್ಲೊಂದು ವಿಶಾಲವಾದ ಚೌಕವನ್ನು ನಿರ್ಮಿಸಿದರು. ಶತಮಾನಗಳ ಕೊಳಕನ್ನು ಕಳೆದು ಹೊಸ ಬಾಳು ಕೊಟ್ಟೆವೆಂಬ ಅರ್ಥದ ಶಾಸನವನ್ನು ಕಮಾನಿನ ಮೇಲೆ ಕೆತ್ತಿಸಿದರು. ಆ ಕೇರಿ ಹೇಗಿತ್ತೆಂದು ಇಂದು ಕಣ್ಣಿಗೆ ಕಟ್ಟುವಂತೆ ತೋರಿಸುವವು ಕೆಡಹುವ ಮುನ್ನ ತೆಗೆದ ಛಾಯಾಚಿತ್ರಗಳು. ಎರಡನೆಯದು ಯುದ್ಧದ ಪೆಟ್ಟು. 1944ರ ಆಗಸ್ಟ್ 3-4ರ ನಡುವಿನ ರಾತ್ರಿ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಆರ್ನೋ ನದಿಯ ಸೇತುವೆಗಳನ್ನು ಸ್ಫೋಟಿಸಿತು. ಪ್ರಸಿದ್ಧವಾದ ಪೊಂಟೆ ವೆಕ್ಕಿಯೋ ಒಂದನ್ನು ಉಳಿಸಿ, ಅದರ ಎರಡೂ ತುದಿಯ ಪ್ರಾಚೀನ ಕೇರಿಗಳನ್ನು ನೆಲಸಮಮಾಡಿತು. ಅಮ್ಮನ್ನಾಟಿ ಹದಿನಾರನೆಯ ಶತಮಾನದಲ್ಲಿ ಕಟ್ಟಿದ, ಬಳ್ಳಿಯ ಬಾಗಿನಂಥ ಕಮಾನುಗಳ ಸಾಂಟಾ ಟ್ರಿನಿಟಾ ಸೇತುವೆ ನೀರಿಗೆ ಬಿತ್ತು. ಅದನ್ನು ಹಾಗೆಯೇ ಮತ್ತೆ ಕಟ್ಟಬೇಕೆಂದು ನಗರ ಹಟಹಿಡಿಯಿತು. ನದಿಯಿಂದ ಕಲ್ಲುಗಳನ್ನೆತ್ತಿದರು, ಹಳೆಯ ಕಲ್ಲುಗಣಿಯನ್ನು ಮತ್ತೆ ತೆರೆದರು, ಆ ಕಮಾನಿನ ಬಾಗು ಎಂಥದೆಂದು ನಿರ್ಧರಿಸಲು ಹಳೆಯ ಅಳತೆನಕ್ಷೆಗಳ ಜೊತೆಗೆ ಛಾಯಾಚಿತ್ರಗಳನ್ನೂ ಸಾಕ್ಷಿಗೆ ಕರೆದರು. 1958ರಲ್ಲಿ ಸೇತುವೆ ಮತ್ತೆ ತೆರೆಯಿತು. ಅದರ ತುದಿಯಲ್ಲಿದ್ದ ವಸಂತದೇವಿಯ ವಿಗ್ರಹದ ತಲೆ ಮಾತ್ರ ಸಿಕ್ಕಿರಲಿಲ್ಲ. 1961ರಲ್ಲಿ ಅದೂ ನದಿಯ ತಳದಲ್ಲಿ ದೊರೆಯಿತು. ಕಲ್ಲು ಬಿದ್ದುಹೋದಾಗ ಕಲ್ಲಿನ ನೆರಳು ಕಲ್ಲನ್ನು ಮತ್ತೆ ಎಬ್ಬಿಸಲು ನೆರವಾಯಿತು. ಇದಕ್ಕಿಂತ ದೊಡ್ಡ ಸಮರ್ಥನೆ ಆ ನೆರಳಿಗೆ ಬೇಕೇ?

ಇಂಥ ನೆರಳುಗಳ ಭಂಡಾರಕ್ಕೆ 1985ರಲ್ಲಿ ರುಚೆಲ್ಲಾಯಿ ಮನೆಯಲ್ಲಿ ಪ್ರದರ್ಶನದ ಅಂಗಳ ದೊರೆಯಿತು. ಹಳೆಯ ಕ್ಯಾಮೆರಾಗಳು, ಮೂಲ ಮುದ್ರಣಗಳು, ಕಾಲಕಾಲದ ಪ್ರದರ್ಶನಗಳು ಬಣ್ಣದ ವರ್ತಕನ ಮನೆಯೊಳಗೆ ನೆಲಸಿದವು. ಅರ್ಧಸಾವಿರ ವರ್ಷ ಒಂದೇ ಮನೆತನದ ಹೆಮ್ಮೆಯಾಗಿದ್ದ ಕಟ್ಟಡದೊಳಕ್ಕೆ ಯಾರು ಬೇಕಾದರೂ ಹೋಗಿ ನೋಡುವಂತಾಯಿತು. ಆದರೆ ಅಲ್ಲಿ ಅದು ಶಾಶ್ವತವಾಗಿ ಉಳಿಯಲಿಲ್ಲ. 2006ರಲ್ಲಿ ಸಂಗ್ರಹಾಲಯವು ಹೊಸ ರೂಪದಲ್ಲಿ ಸಾಂಟಾ ಮರಿಯಾ ನೊವೆಲ್ಲಾ ಚೌಕದಲ್ಲಿ ತೆರೆಯಿತು. ಆ ಚೌಕದ ಇಗರ್ಜಿಯ ಅಮೃತಶಿಲೆಯ ಮುಖವೂ ಆಲ್ಬರ್ಟಿಯದೇ. ಅದರ ಹಣೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 1470ರ ವರ್ಷದೊಂದಿಗೆ ಕೆತ್ತಿರುವ ಹೆಸರು ನಮ್ಮ ಜೋವಾನ್ನಿ ರುಚೆಲ್ಲಾಯಿಯದೇ. ಛಾಯಾಚಿತ್ರಗಳು ಮನೆ ಬದಲಿಸಿದರೂ ಯಜಮಾನನ ನೆರಳು ಬಿಟ್ಟು ಹೋಗಲಿಲ್ಲವೆನ್ನಬೇಕು. ಮುಂದೆ ಆ ಸಂಗ್ರಹಾಲಯವೂ ಮುಚ್ಚಿತು. ಸಂಸ್ಥೆಯ ಸ್ವಂತ ಕಟ್ಟಡವೂ ಕೈತಪ್ಪಿ, ಐವತ್ತು ಲಕ್ಷಕ್ಕೂ ಮೀರಿದ ಗಾಜಿನ ಫಲಕ, ಮುದ್ರಣ, ಪುಸ್ತಕ, ಉಪಕರಣಗಳ ಭಂಡಾರ ನಗರದ ಹೊರಗಿನ ಉಗ್ರಾಣವೊಂದನ್ನು ಸೇರಿತು. ಅದು ಚದುರಿಹೋದೀತೆಂದು ವಿದ್ವಾಂಸರು ಕಳವಳಗೊಂಡರು. ಕಡೆಗೆ 2019ರ ಕೊನೆಯಲ್ಲಿ ಟಸ್ಕನಿ ಪ್ರಾಂತದ ಸರ್ಕಾರವೇ ಅದನ್ನು ಕೊಂಡು, 2020ರಲ್ಲಿ ಅದರ ರಕ್ಷಣೆಗಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿತು.

ಇಲ್ಲಿ ನನಗೆ ಮುಖ್ಯವೆನಿಸುವ ಮಾತು ಒಂದಿದೆ. ನಗರ ಕೆಟ್ಟರೆ ಛಾಯಾಚಿತ್ರ ಕಾಪಾಡೀತೆಂದು ನಾವು ನೆಮ್ಮದಿಯಿಂದಿರುತ್ತೇವೆ. ಆ ಛಾಯಾಚಿತ್ರವನ್ನು ಕಾಪಾಡುವವರು ಯಾರು? ಗಾಜು ಒಡೆಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ಲೇಪ ಸುಲಿಯುತ್ತದೆ. ವ್ಯಾಪಾರ ಸೋತ ದಿನ ಭಂಡಾರ ಬೀದಿಗೆ ಬೀಳುತ್ತದೆ. ಜೋವಾನ್ನಿಯೂ ಮುಪ್ಪಿನಲ್ಲಿ ವ್ಯಾಪಾರದಲ್ಲಿ ಭಾರಿ ನಷ್ಟ ಅನುಭವಿಸಿದ; ಆದರೂ ಅವನ ಗೋಡೆ ಉಳಿಯಿತು. ಏಕೆಂದರೆ ತಲೆಮಾರಿನಿಂದ ತಲೆಮಾರಿಗೆ ಅದನ್ನು ಉಳಿಸಬೇಕೆಂದು ಬಯಸಿದವರಿದ್ದರು. ನೆನಪು ತಾನಾಗಿ ಉಳಿಯುವ ವಸ್ತುವಲ್ಲ. ಅದು ಓಲೆಗರಿಯಂತೆ, ಕಾಲಕಾಲಕ್ಕೆ ಎಣ್ಣೆ ಹಚ್ಚಿ, ಬಿಚ್ಚಿ ಓದಿ, ಮತ್ತೆ ಕಟ್ಟಿಡುವ ಕೈಗಳು ಬೇಕು.

ರುಚೆಲ್ಲಾಯಿ ಮನೆಯ ಬಲತುದಿಯಲ್ಲಿ ಮುಖಭಿತ್ತಿ ಮುಗಿಯುವುದಿಲ್ಲ, ನಿಂತುಹೋಗುತ್ತದೆ. ಎಂಟನೆಯ ಅಂಕಣದ ಕಲ್ಲುಗಳು ಹಲ್ಲುಮುರಿದ ಬಾಚಣಿಗೆಯಂತೆ ಅರ್ಧಕ್ಕೇ ನಿಂತಿವೆ. ಜೋವಾನ್ನಿ ಇನ್ನೂ ಮುಂದಕ್ಕೆ ಕಟ್ಟಿಸಬೇಕೆಂದಿದ್ದ; ಆ ಪಕ್ಕದ ಮನೆ ಅವನದಾಗಲಿಲ್ಲ. ಮುಂದೆ ಬಂದವರು ಆ ಅಂಚನ್ನು ತರಿದು ನುಣುಪು ಮಾಡಬಹುದಾಗಿತ್ತು, ಮಾಡಲಿಲ್ಲ. ಇಷ್ಟು ನಡೆಯಿತು, ಇಷ್ಟು ನಡೆಯಲಿಲ್ಲ ಎಂದು ಅದು ಐದೂವರೆ ಶತಮಾನಗಳಿಂದ ಹೇಳುತ್ತ ನಿಂತಿದೆ. ಅಲಿನಾರಿಯವರ ಛಾಯಾಚಿತ್ರದಲ್ಲಿ ನಾನು ಮೊದಲು ಗುರುತಿಸಿದ್ದು ಸೊಗಸಾದ ಕಂಬಗಳನ್ನು. ಈಗ ಅದೇ ಚಿತ್ರವನ್ನು ನೋಡಿದರೆ ನನ್ನ ಕಣ್ಣು ಆ ಮುರುಕು ಅಂಚಿಗೇ ಹೋಗುತ್ತದೆ.